ಗುಡ್ಡವಿಲ್ಲದ ಸೀಮೆಯ ಕುಸಿತ

ಮಣ್ಣು ಕುಸಿದ ಸುದ್ದಿ ಬಂದರೆ ನಮ್ಮ ಕಣ್ಣು ತಾನಾಗಿ ಕೊಡಗು, ಶಿರಾಡಿ, ಅಂಕೋಲಾ ಕಡೆಗೆ ಹೊರಳುತ್ತದೆ. ಕೊಪ್ಪಳ ತಾಲ್ಲೂಕಿನ ಅಳವಂಡಿಯಲ್ಲಿ ನಿಂತು ಸುತ್ತ ನೋಡಿದರೆ ಕುಸಿಯಲಿಕ್ಕೆ ಏನೂ ಕಾಣುವುದಿಲ್ಲ. ಮುಂಡರಗಿ ದಾಟಿ ಕಪ್ಪತಗುಡ್ಡದ ಸಾಲು ಸಿಗುವ ತನಕ ಕಪ್ಪು ಎರೆಮಣ್ಣಿನ ಹೊಲ, ಅದರಾಚೆ ಮತ್ತೊಂದು ಎರೆ ಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮುಂಗಾರಿಗೆ ಹೆಸರು, ಈರುಳ್ಳಿ. ಹೈದರಾಬಾದ್ ವಿಮೋಚನೆಯ ಕಾಲದಲ್ಲಿ ಮುಂಡರಗಿ ಶಿಬಿರ ನಡೆಸಿ, 1952ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಹೋದ ಶಿವಮೂರ್ತಿ ಸ್ವಾಮಿಗಳ ಊರು ಇದು. ಚಪ್ಪಟೆ ನೆಲ. ಇಳಿಜಾರು ಬೇಕೆಂದರೆ ಅಗೆಯಬೇಕು.

ಮತ್ತು ಅಗೆಯುತ್ತಲೇ ಇದ್ದಾರೆ. ಹಮ್ಮಿಗಿ ಬ್ಯಾರೇಜಿನಿಂದ ನೀರೆತ್ತುವ ಸಿಂಗಟಾಲೂರು ಯೋಜನೆಯ ಎಡದಂಡೆ ಕಾಲುವೆ, ಕುಡಿಯುವ ನೀರಿನ ಪೈಪಿಗೆ ಉದ್ದಕ್ಕೆ ತೋಡಿದ ಗುಂಡಿ, ಕೃಷಿ ಹೊಂಡ, ಹೊಸ ಮನೆಯ ಬುನಾದಿ, ಶೌಚಾಲಯದ ಗುಂಡಿ. ಉತ್ತರಕ್ಕೆ ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಗದಗ–ವಾಡಿ ರೈಲು ಮಾರ್ಗದ ಕೊರೆತ ಮತ್ತು ಏರಿ. ತಳಕಲ್‌ನಿಂದ ಹೊರಟ ಆ ಹಳಿ 2025ರ ಮೇ ತಿಂಗಳಲ್ಲಿ ಕುಷ್ಟಗಿ ಮುಟ್ಟಿತು. ಇವೆಲ್ಲವೂ ಒಂದೊಂದು ಕೃತಕ ಗುಡ್ಡವೇ. ಗುಡ್ಡದ ಬುಡದಲ್ಲಿ ನಿಂತವನಿಗೆ ಮೇಲೆ ಏನಿದೆ ಎಂಬ ಅಂಜಿಕೆಯಾದರೂ ಇರುತ್ತದೆ. ಸಪಾಟು ಹೊಲದ ನಡುವಿನ ಗುಂಡಿಗೆ ಇಳಿದವನಿಗೆ ಅದೂ ಇಲ್ಲ.

ಏಪ್ರಿಲ್‌ನಲ್ಲಿ ಜೆಸಿಬಿ ಹೊಸದಾಗಿ ಕಡಿದ ಎರೆಯ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಮೇಲಿನ ಒಂದಡಿ ಪುಡಿಪುಡಿ, ಬೇರಿನ ಎಳೆಗಳಿಂದ ತುಂಬಿದ್ದು. ಅದರ ಕೆಳಗೆ ಬಿರುಕು ಶುರು. ನೆಲದ ಮೇಲೆ ಕೈಬೆರಳು ಹೋಗುವಷ್ಟು ಅಗಲ, ಕೆಳಗೆ ಇಳಿದಂತೆ ಕೂದಲೆಳೆ. ಆದರೂ ಒಂದು ಮೀಟರ್ ದಾಟಿ ಇಳಿದಿರುತ್ತದೆ. ನಡುನಡುವೆ ಬಿಳಿ ಸುಣ್ಣದ ಹರಳು. ಇನ್ನೂ ಕೆಳಗೆ, ಮಣ್ಣು ತುಸು ತಂಪಾಗಿರುವ ಕಡೆ, ಒಂದು ಹೆಂಟೆಯನ್ನು ಕೈಯಲ್ಲಿ ಮುರಿದರೆ ಒಡೆದ ಮುಖ ಮಿರಿಮಿರಿ ಹೊಳೆಯುತ್ತದೆ. ಬೆಣ್ಣೆಗೆ ಚಾಕು ಎಳೆದ ಹಾಗೆ ಸಣ್ಣ ಗೀರುಗಳೂ ಇರುತ್ತವೆ. ಅದು ಜೆಸಿಬಿಯ ಬಕೆಟ್ ಮಾಡಿದ ಗುರುತಲ್ಲ. ಪ್ರತಿ ಮಳೆಗಾಲಕ್ಕೂ ಉಬ್ಬಿ, ಪ್ರತಿ ಬೇಸಿಗೆಗೂ ಕುಗ್ಗಿ, ಎರೆ ಒಳಗೊಳಗೇ ಒಂದರ ಮೇಲೊಂದು ಜಾರಿ ಉಜ್ಜಿಕೊಂಡ ಮುಖ. ಎಂದರೆ, ನಾವು ಗುಂಡಿ ತೋಡುವ ಮೊದಲೇ ಈ ಮಣ್ಣಿನೊಳಗೆ ಜಾರುವ ದಾರಿಗಳು ಸಿದ್ಧವಾಗಿ ಕೂತಿವೆ. ನಮ್ಮ ಗುಂಡಿ ಆ ದಾರಿಗೆ ಬಾಗಿಲು ತೆಗೆಯುತ್ತದೆ, ಅಷ್ಟೆ.

ಹೀಗಿದ್ದೂ ಆ ಗೋಡೆ ನೆಟ್ಟಗೆ ನಿಂತಿರುತ್ತದೆ! ಎರೆಯ ಮೋಸ ಇರುವುದೇ ಇಲ್ಲಿ. ಮರಳು ಮಣ್ಣಾಗಿದ್ದರೆ ಅಗೆಯುವಾಗಲೇ ಸುರಿದು ಬುದ್ಧಿ ಹೇಳುತ್ತಿತ್ತು. ಒಣಗುತ್ತಿರುವ ಎರೆಯ ಕಣಗಳ ನಡುವೆ ಉಳಿದ ತೇವ ಅವುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುತ್ತದೆ. ಮಧ್ಯಮ ಗಟ್ಟಿತನದ ಜೇಡಿಮಣ್ಣು ಆಸರೆಯೇ ಇಲ್ಲದೆ ನಾಲ್ಕು ಮೀಟರ್‌ವರೆಗೂ ನೇರ ನಿಲ್ಲಬಲ್ಲದು ಎಂದು ಪುಸ್ತಕದ ಲೆಕ್ಕವೂ ಹೇಳುತ್ತದೆ. ಆ ಲೆಕ್ಕ ಬಿರುಕಿಲ್ಲದ, ನೀರು ಕಾಣದ ಮಣ್ಣಿನದು. ಅಂಥ ಎರೆ ಅಳವಂಡಿಯಲ್ಲಿಲ್ಲ, ಎಲ್ಲಿಯೂ ಇಲ್ಲ.

ಒಂದು ಅಡ್ಡಮಳೆ ಬಂತು ಎನ್ನೋಣ. ಗುಂಡಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಒಂದೂವರೆ ಮೀಟರ್ ಆಳದ ಬಿರುಕಿದೆ, ಅದು ತುಂಬಿತು. ಆ ನೀರು ಗುಂಡಿಯ ಉದ್ದದ ಪ್ರತಿ ಮೀಟರ್‌ಗೂ ಒಂದು ಟನ್‌ಗಿಂತ ಹೆಚ್ಚು ಬಲದಿಂದ ಗೋಡೆಯನ್ನು ಗುಂಡಿಯ ಕಡೆಗೆ ತಳ್ಳುತ್ತದೆ. ಬಿರುಕು ಬೆರಳಗಲ ಇರಲಿ, ಮೊಳದಗಲ ಇರಲಿ, ತಳ್ಳುವ ಬಲ ಅಷ್ಟೇ. ಅದು ನೀರಿನ ಆಳವನ್ನು ನೋಡುತ್ತದೆ, ಅಗಲವನ್ನಲ್ಲ. ಒಂದು ಕೊಡ ನೀರು ಕೂಡ ಸರಿಯಾದ ಬಿರುಕಿಗೆ ಬಿದ್ದರೆ ಈ ಕೆಲಸ ಮಾಡೀತು. ಜೊತೆಗೆ ಕಣಗಳನ್ನು ಬಿಗಿದಿದ್ದ ಹಿಡಿತವೂ ನೀರು ಕುಡಿದು ಸಡಿಲವಾಗುತ್ತದೆ. ತಳ್ಳುವುದು ಹೆಚ್ಚಿತು, ತಡೆಯುವುದು ಕುಗ್ಗಿತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ಒಣ ಸೀಮೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಒಣ ಸೀಮೆಯಲ್ಲೇ ಬಿರುಕು ಆಳ. ಮಳೆ ಅಪರೂಪವಾದಷ್ಟೂ ಮೊದಲ ಮಳೆ ಅಪಾಯಕಾರಿ.

ಗೋಡೆ ಬೀಳಲು ಮಳೆಯೇ ಬೇಕೆಂದೂ ಇಲ್ಲ. ಲಂಡನ್ನಿನ ಜೇಡಿಮಣ್ಣಿನಲ್ಲಿ ರೈಲಿಗೆಂದು ಕಡಿದ ಕೊರೆತಗಳು ಕಡಿದ ದಿನ ಬೀಳಲಿಲ್ಲ. ಕೆನ್ಸಲ್ ಗ್ರೀನ್‌ನಲ್ಲಿ 1912ರಲ್ಲಿ ಕಟ್ಟಿದ ತಡೆಗೋಡೆ ಜಾರಿದ್ದು 1941ರಲ್ಲಿ, 29 ವರ್ಷದ ಮೇಲೆ. ಮೇಲಿನ ಭಾರ ತೆಗೆದಾಗ ಜೇಡಿಮಣ್ಣು ಒಳಗೆ ಹಿಗ್ಗಲು ನೋಡುತ್ತದೆ, ಹಿಗ್ಗಲು ನೀರು ಬೇಕು, ಆ ನೀರನ್ನು ಸುತ್ತಲಿಂದ ನಿಧಾನವಾಗಿ ಹೀರುತ್ತದೆ. ಹೀರಿ ಮುಗಿಯುವ ತನಕ ಗಟ್ಟಿ, ಮುಗಿದ ಮೇಲೆ ಮೆದು. ಅಲೆಕ್ ಸ್ಕೆಂಪ್ಟನ್ ಎಂಬ ಎಂಜಿನಿಯರ್ ಇಂಥ ತಡವಾದ ಕುಸಿತಗಳನ್ನು ಒಂದೊಂದಾಗಿ ಲೆಕ್ಕಹಾಕಿ ಇದನ್ನು ತೋರಿಸಿಕೊಟ್ಟ. ಅದಕ್ಕೂ ನೂರು ವರ್ಷ ಮೊದಲು, 1846ರಲ್ಲಿ, ಫ್ರಾನ್ಸಿನ ಅಲೆಕ್ಸಾಂಡರ್ ಕೊಲ್ಯಾಂ ಕಾಲುವೆಗಳ ಜೇಡಿ ದಂಡೆ ಜಾರುವುದನ್ನು ಅಳೆದು, ಅದು ನೇರ ಗೆರೆಯಲ್ಲಲ್ಲ, ಬಾಗಿದ ಗೆರೆಯಲ್ಲಿ ಜಾರುತ್ತದೆ ಎಂದು ಬರೆದಿದ್ದ. ಅವನ ಪುಸ್ತಕವನ್ನು ಆ ಕಾಲದಲ್ಲಿ ಹೆಚ್ಚು ಜನ ಓದಲಿಲ್ಲ. ಕಾಲುವೆಯ ದಂಡೆಯ ಬಗ್ಗೆ ಬರೆದವರ ಗತಿ ಎಲ್ಲ ಕಾಲದಲ್ಲೂ ಅದೇ ಇರಬೇಕು.

ಅಷ್ಟು ದೂರ ಹೋಗಬೇಕಿಲ್ಲ. ನಮ್ಮದೇ ಪಕ್ಕದ ಮಲಪ್ರಭೆಯ ಕಥೆ ಇದೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ನವಲಗುಂದ, ನರಗುಂದದ ಕಡೆ ಹೊರಟ ಬಲದಂಡೆ ಕಾಲುವೆ ಮೈಲಿಗಟ್ಟಲೆ ಎರೆಯಲ್ಲಿ ಸಾಗಬೇಕಿತ್ತು. ಎರೆಯ ಮೇಲೆ ನೇರವಾಗಿ ಕಾಂಕ್ರೀಟ್ ಹಾಸು ಹಾಕಿದರೆ ಅದು ಉಳಿಯುವುದಿಲ್ಲ. ಸಂದಿನಲ್ಲಿ ನೀರು ಇಳಿಯುತ್ತದೆ, ಮಣ್ಣು ಉಬ್ಬುತ್ತದೆ, ಹಾಸು ಮೇಲೆದ್ದು ಒಡೆಯುತ್ತದೆ, ಒಡೆದ ಕಡೆಯಿಂದ ಇನ್ನಷ್ಟು ನೀರು. ಉಬ್ಬುವ ಎರೆಯ ಒತ್ತಡ ಚದರ ಮೀಟರ್‌ಗೆ ಹತ್ತಾರು ಟನ್ ಮುಟ್ಟುತ್ತದೆ. ನಾಲ್ಕಂಗುಲದ ಕಾಂಕ್ರೀಟ್ ಅದರ ಮುಂದೆ ಏನು ಮಾಡೀತು?

ಬಾಂಬೆ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಈ ತೊಡಕನ್ನು ತಿರುಗಿಸಿ ನೋಡಿದರು. ಹೊಲದಲ್ಲಿ ಮೇಲಿನ ಎರೆ ಇಷ್ಟೊಂದು ಉಬ್ಬಿ ಕುಗ್ಗುತ್ತದೆ, ಆದರೆ ಒಂದು ಮೀಟರ್ ಚಿಲ್ಲರೆ ಕೆಳಗಿನ ಎರೆ ಸುಮ್ಮನಿರುತ್ತದೆ. ಮೇಲಿನದರ ತೂಕವೊಂದರಿಂದಲೇ ಇದು ಆಗಲಾರದು, ಆ ತೂಕ ಉಬ್ಬುವ ಒತ್ತಡದ ಮುಂದೆ ಏನೇನೂ ಅಲ್ಲ. ಮೇಲಿನ ಪದರದ ಅಂಟೇ ಕೆಳಗಿನದನ್ನು ಹಿಡಿದಿಡುತ್ತದೆ ಎಂಬುದು ಅವರ ತರ್ಕ. ಹಾಗಾದರೆ ಮೇಲಿನ ಒಂದು ಮೀಟರಿನಷ್ಟು ಎರೆ ತೆಗೆದು, ಅಂಟಿರುವ ಆದರೆ ಉಬ್ಬದ ಮಣ್ಣನ್ನು ಅದೇ ದಪ್ಪಕ್ಕೆ ಹಾಕಿ ದಮ್ಮಸು ಮಾಡಿದರೆ? ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಇದನ್ನು ಮಾಡಿ ನೋಡಿದರು, ಹಾಸು ನಿಂತಿತು. ಮುಂದೆ ಇದು ಐಎಸ್ 9451 ಎಂಬ ರಾಷ್ಟ್ರೀಯ ಮಾನಕಕ್ಕೆ ಸೇರಿತು. ಕಾಲುವೆಯ ಗುತ್ತಿಗೆಗಳಲ್ಲಿ ಇವತ್ತಿಗೂ ಬರುವ 'ಸಿಎನ್‌ಎಸ್ ಪದರ' (ಕೊಹೆಸಿವ್ ನಾನ್-ಸ್ವೆಲಿಂಗ್, ಅಂಟುಳ್ಳ ಆದರೆ ಉಬ್ಬದ) ಇದೇ.

ಅಳವಂಡಿಗೆ ಇದರಲ್ಲಿ ಒಂದು ಸೊಗಸಿದೆ. ಎರೆಗೆ ಬೇಕಾದ ಮದ್ದು ಇದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ ಬಿದ್ದಿದೆ. ಕೊಪ್ಪಳ ದಾಟಿ ಗಂಗಾವತಿ ಕಡೆ ಹೊರಳಿದರೆ ಕಲ್ಲುಗುಡ್ಡ, ಮಸಾರಿ, ಕೆಂಪು ಗರಸು. ಹಳ್ಳಿಯ ಗೌಂಡಿಗಳು ಐಐಟಿಗೆ ಕಾಯದೆ ಬುನಾದಿಯ ಎರೆ ಎತ್ತಿ ಗರಸು ತುಂಬಿಸುತ್ತಾ ಬಂದವರೇ. ಆದರೆ ತುಂಬಿದ ಗರಸು ಬರೀ ಮರಳುಮರಳಾಗಿದ್ದರೆ ಕೆಲಸ ಕೆಟ್ಟಿತು. ಅದು ನೀರನ್ನು ಸೀದಾ ಕೆಳಗಿನ ಎರೆಗೆ ಬಿಡುತ್ತದೆ. ಅಂಟು ಇರಲೇಬೇಕು. ಟ್ರ್ಯಾಕ್ಟರ್ ಲೆಕ್ಕದಲ್ಲಿ ಗರಸು ತರಿಸುವವರು ಬಣ್ಣ ನೋಡುತ್ತಾರೆ. ಮುಷ್ಟಿಯಲ್ಲಿ ಹಸಿ ಮಾಡಿ ಹಿಚುಕಿ ನೋಡುವುದು ಇನ್ನೂ ಒಳ್ಳೆಯದು.

ಕೃಷಿ ಹೊಂಡದ ಮಾತಿಗೆ ಬರೋಣ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಈ ಸೀಮೆಯ ಹೊಲಹೊಲದಲ್ಲೂ ಚೌಕ ಹೊಂಡಗಳು ಎದ್ದವು. ಎರೆಯಲ್ಲಿ ನೀರು ಹೆಚ್ಚು ಇಂಗುವುದಿಲ್ಲ, ಹಾಗಾಗಿ ಮಸಾರಿಯ ಹೊಂಡಕ್ಕೆ ಬೇಕಾಗುವ ಪ್ಲಾಸ್ಟಿಕ್ ಹಾಳೆ ಇಲ್ಲಿ ಬೇಡ. ಬೇಕಾದದ್ದು ಇಳಿಜಾರು. 21 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡವನ್ನು ಗೋಡೆ ನೆಟ್ಟಗೆ ಕಡಿದರೆ 1,323 ಘನ ಮೀಟರ್ ನೀರು ಹಿಡಿಯುತ್ತದೆ. ಒಂದು ಮೀಟರ್ ಇಳಿಯಲು ಒಂದೂವರೆ ಮೀಟರ್ ಹಿಂದೆ ಸರಿಯುವಂತೆ ಇಳಿಜಾರು ಕೊಟ್ಟರೆ ತಳ 12 ಮೀಟರ್ ಚೌಕಕ್ಕೆ ಇಳಿದು, ಹಿಡಿಯುವ ನೀರು 837 ಘನ ಮೀಟರ್ ಆಗುತ್ತದೆ. ಮೂರನೇ ಒಂದು ಪಾಲಿಗೂ ಹೆಚ್ಚು ನೀರು ಬಿಟ್ಟುಕೊಡು ಎಂದು ಬರಗಾಲ ಉಂಡ ರೈತನಿಗೆ ಹೇಳುವುದು ಸುಲಭವಲ್ಲ. ಅವನು ಜೆಸಿಬಿಯವನಿಗೆ 'ಇನ್ನಷ್ಟು ನೆಟ್ಟಗ ಕಡಿ' ಎಂದರೆ ಅದು ದಡ್ಡತನವಲ್ಲ, ಲೆಕ್ಕ.

ಆ ಲೆಕ್ಕ ತಪ್ಪುವುದು ಮಳೆಯ ದಿನ ಅಲ್ಲ, ಪಂಪು ಹಚ್ಚಿದ ದಿನ. ಹೊಂಡ ತುಂಬಿರುವಾಗ ನೀರೇ ಗೋಡೆಗೆ ಆಸರೆ. ಈರುಳ್ಳಿ ಬಾಡುತ್ತಿದೆ ಎಂದು ಎರಡು ದಿನದಲ್ಲಿ ಪಂಪು ಹಚ್ಚಿ ಎತ್ತಿದರೆ ಆಸರೆ ಹೋಯಿತು, ಗೋಡೆಯ ಒಳಗೆ ಹೀರಿಕೊಂಡ ನೀರು ಮಾತ್ರ ಅಷ್ಟು ಬೇಗ ಹೊರಡುವುದಿಲ್ಲ, ಎರೆ ಬಿಟ್ಟುಕೊಡುವ ಮಣ್ಣಲ್ಲ. ಒಳಗಿನಿಂದ ಒತ್ತಡ, ಹೊರಗಿನಿಂದ ಏನೂ ಇಲ್ಲ. ದಂಡೆ ಹಾಗೇ ಕೂತು ಹೊಂಡಕ್ಕೆ ಜಾರುತ್ತದೆ. ಒಂದೆರಡು ವರ್ಷದಲ್ಲಿ ನೆಟ್ಟಗೆ ಕಡಿದ ಹೊಂಡ ತಾನೇ ಇಳಿಜಾರು ಮಾಡಿಕೊಂಡು, ಜಾರಿದ ಹೂಳನ್ನು ತಳದಲ್ಲಿ ಇಟ್ಟುಕೊಂಡಿರುತ್ತದೆ. 1,323ನ್ನೂ ಕೊಡಲಿಲ್ಲ, 837ನ್ನೂ ಕೊಡಲಿಲ್ಲ. ಕಾಲುವೆಯ ದಂಡೆಗೂ ಇದೇ ನ್ಯಾಯ: ಗೇಟು ಇಳಿಸಿ ಒಮ್ಮೆಗೇ ನೀರು ಬರಿದು ಮಾಡಿದರೆ ಜಾರುವುದು ಹೆಚ್ಚು.

ಹಳಬರು ಇದಕ್ಕೇನು ಮಾಡಿದರು ಎಂದು ನೋಡಲು ಅಳವಂಡಿಯಿಂದ ಇಟಗಿ ದೂರವಲ್ಲ. 1112ರ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದ ಮಹಾದೇವ ಗುಡಿಯನ್ನು ನೋಡಲು ಬಂದವರು ಕಂಬದ ಕೆತ್ತನೆಗೆ ತಲೆಯೆತ್ತಿ, ಪಕ್ಕದ ಪುಷ್ಕರಣಿಯನ್ನು ಫೋಟೋದ ಹಿನ್ನೆಲೆಯಾಗಿಸಿ ಹೊರಡುತ್ತಾರೆ. ನನಗೆ ಆ ಪುಷ್ಕರಣಿಯೇ ಹೆಚ್ಚು. ಎಂಜಿನಿಯರ್ ಕಣ್ಣಿಂದ ನೋಡಿದರೆ ಅದು ಆಸರೆ ಕೊಟ್ಟ ಒಂದು ಆಳದ ಅಗೆತ. ಎತ್ತರದ ಒಂದೇ ಗೋಡೆಯ ಬದಲು ಗೇಣುಗೇಣಿನ ಹತ್ತಾರು ಗೋಡೆ. ಪ್ರತಿಯೊಂದೂ ತನ್ನ ಹಿಂದಿನ ಸ್ವಲ್ಪವೇ ಮಣ್ಣಿಗೆ ಜವಾಬು. ಒಟ್ಟಾರೆ ನೋಡಿದರೆ ಇಳಿಜಾರು, ಬಿಡಿಬಿಡಿಯಾಗಿ ನೋಡಿದರೆ ಮೆಟ್ಟಿಲು. ಕಲ್ಲುಗಳ ಸಂದಿನಲ್ಲಿ ಗಾರೆ ತುಂಬಿ ಬಿಗಿ ಮಾಡದ ಇಂಥ ಕಟ್ಟಡದಲ್ಲಿ ಮಣ್ಣಿನ ನೀರು ಸಂದಿನಿಂದ ಬಸಿದು ಹೊಂಡಕ್ಕೆ ಇಳಿಯುತ್ತದೆ, ಗೋಡೆಯ ಹಿಂದೆ ಕೂತು ತಳ್ಳುವುದಿಲ್ಲ. ಗದಗ ಸೀಮೆಯ ಲಕ್ಕುಂಡಿಯ ಬಾವಿಗಳಲ್ಲೂ ಇದೇ ಜಾಣತನ. ಇವುಗಳ ಜೀರ್ಣೋದ್ಧಾರಕ್ಕೆ ಹೋಗಿ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತುವುದು ಉಪಕಾರವಲ್ಲ. ಗುಡಿಯನ್ನು ಕೆತ್ತಿದವರ ಹೆಸರು ಹುಡುಕುವ ನಾವು, ಹೊಂಡ ತೋಡಿದವರನ್ನು ಹುಡುಕುವುದಿಲ್ಲ. ಮಣ್ಣಿನ ಕೆಲಸ, ಕಲ್ಲಿನ ಕೆಲಸ ಎಂದು ವಿಂಗಡಿಸಿಕೊಂಡು ನಾಡಿನ ಕೆರೆಬಾವಿಗಳನ್ನು ತೋಡಿದ ಭೋವಿ ಸಮುದಾಯದವರ ಕಣ್ಣಳತೆ ಯಾವ ದರಪಟ್ಟಿಯಲ್ಲೂ ದಾಖಲಾಗಲಿಲ್ಲ.

ಈಗಿನ ಉಪಾಯಗಳು ಬೇರೆ. 1960ರ ದಶಕದಲ್ಲಿ ಫ್ರಾನ್ಸಿನ ಆನ್ರಿ ವಿದಾಲ್ ಮಣ್ಣಿನ ಪದರಗಳ ನಡುವೆ ಲೋಹದ ಪಟ್ಟಿ ಹಾಸಿ, ಮಣ್ಣನ್ನು ಮಣ್ಣಿಂದಲೇ ಹಿಡಿಸುವ ಗೋಡೆ ಮಾಡಿದ. ಹೆದ್ದಾರಿ ಮೇಲ್ಸೇತುವೆಗೆ ಏರುವ ದಾರಿಯ ಇಕ್ಕೆಲದಲ್ಲಿ ಕಾಣುವ ಕಾಂಕ್ರೀಟ್ ಫಲಕಗಳ ಹಿಂದೆ ಇರುವುದು ಇದೇ ವಿದ್ಯೆ. 1972ರ ಹೊತ್ತಿಗೆ ವರ್ಸೈ ಹತ್ತಿರ ರೈಲು ಮಾರ್ಗ ಅಗಲಿಸುವಾಗ ಇನ್ನೊಂದು ದಾರಿ ತೆರೆಯಿತು: ಮೇಲಿನಿಂದ ಕೆಳಗೆ ಒಂದೊಂದು ಹಂತ ಕಡಿಯುತ್ತಾ, ಗುಡ್ಡದ ಮೈಗೆ ಉದ್ದುದ್ದ ಕಬ್ಬಿಣದ ಸರಳು ತೂರಿಸಿ, ಸಿಮೆಂಟ್ ಹಾಲು ಕುಡಿಸಿ, ಮೇಲೆ ಜಾಲರಿ ಹಾಕಿ ಕಾಂಕ್ರೀಟ್ ಎರಚುವುದು. ಸಾಯಿಲ್ ನೇಯ್ಲಿಂಗ್ ಎಂದು ಇವತ್ತು ಟಿವಿ ವರದಿಗಾರರೂ ಹೇಳುವ ಮಾತು ಅದೇ.

ಈ ವಿದ್ಯೆ ಸುಳ್ಳಲ್ಲ. ಆದರೆ ಕರಾವಳಿ, ಮಲೆನಾಡಿನ ಈಚಿನ ವರ್ಷಗಳು ಅದನ್ನು ಬಳಸುವ ಕ್ರಮದ ಬಗ್ಗೆ ಕಲಿಸಿದ್ದು ಕಹಿ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ಕ್ಕೆಂದು ಕಡಿದ ಗುಡ್ಡ ಜಾರಿ, ಬುಡದಲ್ಲಿದ್ದ ಚಹಾದಂಗಡಿ ಕುಟುಂಬವನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅಲ್ಲಿ ಕಡಿದಿದ್ದು ಕಡಿದು, ಹಿಡಿಯಲು ಏನೂ ಮಾಡಿರಲಿಲ್ಲ. ಮಡಿಕೇರಿಯಲ್ಲಿ ಹಾಗಲ್ಲ: ಜಿಲ್ಲಾಧಿಕಾರಿ ಕಚೇರಿಯ ಬುಡಕ್ಕೆ ಜರ್ಮನ್ ತಂತ್ರಜ್ಞಾನದ್ದೆಂದು ಕಟ್ಟಿದ ತಡೆಗೋಡೆಯೇ 2022ರ ಮಳೆಗೆ ಉಬ್ಬಿತು. 2024ರ ಜುಲೈ 3ರಂದು ಮಂಗಳೂರಿನ ಬಲ್ಮಠದಲ್ಲಿ ಬಹುಮಹಡಿ ಕಟ್ಟಡಕ್ಕೆ ಅಗೆದ ನೆಲಮಾಳಿಗೆಯ ಮಗ್ಗುಲಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಬಿದ್ದರು. ಗಂಟೆಗಟ್ಟಲೆ ಹೆಣಗಿ ಒಬ್ಬನನ್ನು ಉಳಿಸಿದರು, ಇನ್ನೊಬ್ಬ ಉಳಿಯಲಿಲ್ಲ. ಮೂರೂ ಕಡೆ ಮಳೆಗಾಲ. ಸರಳು ಎಷ್ಟು ಉದ್ದ, ಗೋಡೆ ಎಷ್ಟು ದಪ್ಪ ಎಂದು ಕೇಳುವ ನಾವು, ಹಿಂದಿನ ನೀರಿಗೆ ಎಲ್ಲಿ ದಾರಿ ಬಿಟ್ಟಿದ್ದೀರಿ ಎಂದು ಮೊದಲು ಕೇಳಬೇಕು.

ಅಳವಂಡಿಯ ಮಟ್ಟಿಗೆ ಇನ್ನೂ ಒಂದು ಮಾತು. ಮಲೆನಾಡಿನ ಗುಡ್ಡಕ್ಕೆ ಹೊಡೆದ ಮೊಳೆಯನ್ನು ಎರೆಗೆ ಹೊಡೆಯಲಿಕ್ಕಾಗದು. ಸರಳನ್ನು ಹಿಡಿಯಬೇಕಾದ ಮಣ್ಣೇ ಬೇಸಿಗೆಯಲ್ಲಿ ಅದರಿಂದ ಸರಿದು ನಿಲ್ಲುತ್ತದೆ, ಮಳೆಗಾಲದಲ್ಲಿ ಎರಚಿದ ಕಾಂಕ್ರೀಟನ್ನು ಒಳಗಿನಿಂದ ಒದೆಯುತ್ತದೆ. ವಿದಾಲನ ಗೋಡೆಯ ಹಿಂದೆ ತುಂಬಲೂ ಎರೆ ಬರುವುದಿಲ್ಲ, ನೀರು ಬಸಿಯುವ ಮಣ್ಣೇ ಬೇಕು. ರೈಲಿನವರು ಹಳಿಯ ಜಲ್ಲಿಗೂ ಕೆಳಗಿನ ಮಣ್ಣಿಗೂ ನಡುವೆ 'ಬ್ಲ್ಯಾಂಕೆಟ್' ಎಂದು ಆಯ್ದ ಗರಸಿನ ದಪ್ಪ ಪದರ ಹಾಕುವುದು ಇದಕ್ಕೇ. ಎರೆ ಸೀಮೆಗೆ ಒಗ್ಗುವ ಉಪಾಯಗಳು ನೋಡಲಿಕ್ಕೆ ಸಪ್ಪೆ. ಇಳಿಜಾರು ಮಲಗಿಸು: ಒಂದಕ್ಕೆ ಒಂದೂವರೆಯಿಂದ ಎರಡೂವರೆ. ಆಳ ಹೆಚ್ಚಿದ್ದರೆ ನಡುವೆ ಅಗಲದ ಮೆಟ್ಟಿಲು ಬಿಡು. ಮೇಲಿನ ಅಂಚಿಗೆ ಒಂದು ಬದು ಹಾಕಿ ಹೊಲದ ನೀರನ್ನು ಬೇರೆ ಕಡೆ ತಿರುಗಿಸು. ಬಿರುಕು ಕಂಡರೆ ಮಳೆಗೆ ಮುಂಚೆ ಮುಚ್ಚು. ದಂಡೆಯ ಮೇಲೆ ಹುಲ್ಲು ಬೆಳೆಯಲು ಬಿಡು. ಉದ್ಘಾಟನೆಗೆ ಯಾರನ್ನೂ ಕರೆಯಲಾಗದಂಥ ಕೆಲಸಗಳು.

ಇಳಿಜಾರು ಮಲಗಿಸಲು ಜಾಗವೇ ಇಲ್ಲದ ಕಡೆ, ಊರೊಳಗಿನ ಪೈಪಿನ ಗುಂಡಿಯಲ್ಲಿ, ನಿಜವಾದ ಪ್ರಾಣಭಯ ಇರುವುದು. ಒಂದು ಮೀಟರ್ ಅಗಲ, ಎರಡು ಮೀಟರ್ ಆಳದ ಗುಂಡಿಗೆ ಮೀಟರ್ ಉದ್ದಕ್ಕೆ 2 ಘನ ಮೀಟರ್ ಮಣ್ಣು ತೆಗೆದರೆ ಸಾಕು. ಎರಡೂ ಕಡೆ ಒಂದಕ್ಕೆ ಒಂದರಂತೆ ಇಳಿಜಾರು ಕೊಟ್ಟರೂ ಅದು 6 ಘನ ಮೀಟರ್ ಆಗುತ್ತದೆ. ಮೂರು ಪಟ್ಟು ಅಗೆತ, ಮೂರು ಪಟ್ಟು ಮತ್ತೆ ತುಂಬುವುದು, ಅಷ್ಟರಲ್ಲಿ ರಸ್ತೆಯೂ ಹೋಯಿತು, ಪಕ್ಕದ ಮನೆಯ ಕಟ್ಟೆಯೂ ಹೋಯಿತು. ಹೀಗಾಗಿ ನೆಟ್ಟಗೆ ಕಡಿಯುತ್ತಾರೆ. ನೆಟ್ಟಗೆ ಕಡಿಯುವುದು ತಪ್ಪಲ್ಲ, ಹಲಗೆ ಕೊಡದೆ ಇಳಿಸುವುದು ತಪ್ಪು. ಅಗೆತದ ಸುರಕ್ಷೆಯ ಭಾರತೀಯ ಮಾನಕ ಐಎಸ್ 3764ರ ಪ್ರಕಾರ ಒಂದೂವರೆ ಮೀಟರ್ ದಾಟಿದ ಗುಂಡಿಗೆ ಆಸರೆ ಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್, ಇಲ್ಲವೇ ಗುಂಡಿಯ ಅರ್ಧ ಆಳ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ನಮ್ಮ ಜೆಸಿಬಿಗಳು ಅದನ್ನು ಅಂಚಿಗೇ ಗುಪ್ಪೆ ಹಾಕುತ್ತವೆ, ತಿರುಗಿ ಎಳೆದು ತುಂಬಲು ಸಲೀಸು ಎಂದು.

ಒಂದೂವರೆ ಮೀಟರ್ ಎಂದರೆ ಆಳುದ್ದಕ್ಕೂ ಕಡಿಮೆ, ಏನಾದೀತು ಎನಿಸಬಹುದು. ಪೈಪಿನ ಜೋಡಣೆ ಮಾಡುವವನು ನಿಂತು ಮಾಡುವುದಿಲ್ಲ. ಮಂಡಿಯೂರಿ, ರಬ್ಬರ್ ಉಂಗುರ ಕೂಡಿಸಿ, ಪೈಪಿನ ಬಾಯಿಗೆ ಮುಖವಿಟ್ಟು ನೋಡುತ್ತಿರುತ್ತಾನೆ. ಆಗ ಅವನ ತಲೆ ನೆಲಕ್ಕಿಂತ ಮೂರಡಿ ಕೆಳಗೆ, ಬೆನ್ನು ಗೋಡೆಗೆ ಒತ್ತಿಕೊಂಡು. ಒಂದು ಘನ ಮೀಟರ್ ಹಸಿ ಮಣ್ಣು ಸುಮಾರು 18 ಕ್ವಿಂಟಲ್, ಹದಿನೆಂಟು ಚೀಲ ಜೋಳ ಒಮ್ಮೆಗೇ ಬೆನ್ನ ಮೇಲೆ ಬಿದ್ದಂತೆ. ಮುಖ ಹೊರಗಿದ್ದರೂ ಎದೆ ಹಿಗ್ಗಲು ಜಾಗ ಇರದೆ ಉಸಿರು ಕಟ್ಟುತ್ತದೆ. ಇಂಥ ಹೊತ್ತಿನಲ್ಲಿ ಮೇಲಿದ್ದವರು ಮಾಡುವ ಮೊದಲ ಕೆಲಸ ಗುಂಡಿಗೆ ಹಾರುವುದು, ಎರಡನೆಯದು ಜೆಸಿಬಿ ಇಳಿಸುವುದು. ಎರಡೂ ಸಲ್ಲ. ಹಾರಿದವರ ಮೇಲೆ ಇನ್ನೊಂದು ಮಗ್ಗುಲು ಬೀಳುತ್ತದೆ, ಬಕೆಟ್ಟಿನ ಹಲ್ಲಿಗೆ ಮಣ್ಣು ಯಾವುದು, ಮೈ ಯಾವುದು ತಿಳಿಯುವುದಿಲ್ಲ. ಮೊದಲು ಎದುರು ಗೋಡೆಗೆ ಹಲಗೆ ಕೊಟ್ಟು, ಮುಖ, ಎದೆಯ ಸುತ್ತಲಿನ ಮಣ್ಣನ್ನು ಕೈಯಿಂದ ಬಿಡಿಸಬೇಕು.

ಹಲಗೆ, ಅಡ್ಡತೊಲೆ ದುಬಾರಿ ಸಾಮಾನೇನಲ್ಲ. ಮಳೆ ಬಂದ ಮರುದಿನ ಯಾರನ್ನೂ ಇಳಿಸುವ ಮುಂಚೆ ಅಂಚಿನುದ್ದಕ್ಕೂ ನಡೆದು ಹೊಸ ಬಿರುಕು ಇದೆಯೇ ಎಂದು ನೋಡುವುದಕ್ಕಂತೂ ಖರ್ಚೇ ಇಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಗುಂಡಿಯ ಗೋಡೆಗೆ ಹಲಗೆ ಕೊಡುವುದಕ್ಕೆ ಪ್ರತ್ಯೇಕ ಬಾಬತ್ತೇ ಇದೆ, ಚದರ ಮೀಟರ್ ಲೆಕ್ಕದಲ್ಲಿ. ಅಂತರ ಬಿಟ್ಟು ಕೊಡುವುದು ಒಂದು ದರ, ಒತ್ತೊತ್ತಾಗಿ ಕೊಡುವುದು ಇನ್ನೊಂದು. ಊರಿಗೆ ಪೈಪು ಬರುತ್ತದೆ ಎಂದಾಗ ಗ್ರಾಮಸಭೆಯಲ್ಲಿ ಪೈಪಿನ ಕಂಪನಿ, ನಲ್ಲಿಯ ಸಂಖ್ಯೆ, ಮುಗಿಸುವ ತಾರೀಖು ಎಲ್ಲವನ್ನೂ ಕೇಳುತ್ತಾರೆ. ಅಂದಾಜು ಪಟ್ಟಿ ಕೈಗೆ ತೆಗೆದುಕೊಂಡು ಆ ಹಲಗೆಯ ಬಾಬತ್ತು ಎಷ್ಟನೇ ಸಾಲಿನಲ್ಲಿದೆ, ಎಷ್ಟು ಚದರ ಮೀಟರ್ ಹಾಕಿದ್ದೀರಿ ಎಂದೂ ಕೇಳಬಹುದು.